ಒಂದೊಂದೇ ಕಣ್ಣು ಮುಚ್ಚಿ

ಜೂನ್ 3, ಮಂಗಳವಾರ

ಈಜುಕೊಳಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾಳೆ. ವಯಸ್ಸಿನಲ್ಲಿ ನನ್ನ ಅರ್ಧ. ಬಂದ ವಾರದಲ್ಲೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ತಿಂಗಳ ಕೊನೆಗೆ ಕಾವಲಿನವರಿಗೆಲ್ಲ ಕಣ್ಣಿನ ಪರೀಕ್ಷೆ ಎಂದು ಹೇಳಿದಳು. ಪಾಸಾದವರು ಕುರ್ಚಿ ಹತ್ತಬಹುದು, ಆಗದವರು ಹತ್ತುವಂತಿಲ್ಲ.

ಕುರ್ಚಿ ಎಂದರೆ ಆಳದ ಬದಿಯ ಎತ್ತರದ ಕುರ್ಚಿ. ಬೆಳಗಿನ ಪಾಳಿಯಲ್ಲಿ ಅದರ ಮೇಲೆ ಕೂರುವವಳು ನಾನು. ಇವತ್ತಿನಿಂದಲ್ಲ, ಈ ಮ್ಯಾನೇಜರ್ ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ. ನೀರಿನ ತಳದಲ್ಲಿ ಬಿದ್ದ ಹೇರ್‌ಪಿನ್ನನ್ನು ಕೂತಲ್ಲಿಂದಲೇ ಬೆರಳು ಮಾಡಿ ತೋರಿಸಿ ಬಾತುಕೋಳಿಯಿಂದ ತೆಗೆಸಿದವಳು ನಾನು. ಅವನು ನನ್ನ ಜೊತೆಯ ಕಾವಲಿನವನು, ಅವಳಿ ಮಕ್ಕಳ ತಂದೆ. ನೆಲದ ಮೇಲೆ ನಡೆದರೆ ಬಾತುಕೋಳಿ, ನೀರಿಗಿಳಿದರೆ ಮೀನು. ಸಾಲಿನಲ್ಲಿ ನನ್ನ ಪಕ್ಕ ನಿಂತು, "ಅಕ್ಕಾ, ನಿಮ್ಮನ್ನ ಪರೀಕ್ಷೆ ಮಾಡೋ ಡಾಕ್ಟರಿಗೇ ಕನ್ನಡಕ ಬರುತ್ತೆ ನೋಡ್ತಿರಿ" ಎಂದು ಪಿಸುಗುಟ್ಟಿದ. ನಕ್ಕುಬಿಟ್ಟೆ. ಮ್ಯಾನೇಜರ್ ನಗಲಿಲ್ಲ.

ಮನೆಯಲ್ಲಿ ನೋಡಿಕೊಳ್ಳಲಿ ಎಂದು ಎಲ್ಲರಿಗೂ ಒಂದೊಂದು ಅಕ್ಷರದ ಪಟ ಕೊಟ್ಟಿದ್ದಾಳೆ. ಮೇಲೆ ಅಂಗೈಯಗಲದ ಒಂದು 'ಆ', ಕೆಳಗೆ ಬರಬರುತ್ತಾ ಸಣ್ಣದಾಗುವ ಅಕ್ಷರಗಳು. ಮಡಿಸಿ ಚೀಲಕ್ಕೆ ಹಾಕಿಕೊಂಡೆ. ನನಗೇನು ಹೆದರಿಕೆ?

ಜೂನ್ 5, ಗುರುವಾರ

ಪಟವನ್ನು ಕಸಕ್ಕೆ ಹಾಕುವವಳಿದ್ದೆ. ಆಪರೇಟರಮ್ಮ ಬಿಡಲಿಲ್ಲ.

ಆಪರೇಟರಮ್ಮ ಎಂದರೆ ನಮ್ಮ ಅತ್ತೆ. ಎದುರಿಗೆ ಅತ್ತೆ, ಇಲ್ಲಿ ಮಾತ್ರ ಆಪರೇಟರಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ಊರಿನವರ ಮಾತನ್ನು ಜೋಡಿಸಿದವರು. ಮನೆಯಲ್ಲಿ ಮಾತ್ರ ಅವರ ಲೈನ್ ಯಾವಾಗಲೂ ಎಂಗೇಜ್. ಎರಡು ವರ್ಷದ ಹಿಂದೆ ಮಗಳ ಮನೆಯಿಂದ ಇಲ್ಲಿಗೆ ಬಂದರು. ನಮ್ಮವರು ಹಡಗಿನಲ್ಲಿ ಅಡುಗೆಯವರು, ವರ್ಷದಲ್ಲಿ ಒಂದೆರಡು ತಿಂಗಳು ಮನೆ ಕಂಡರೆ ಹೆಚ್ಚು. ಉಳಿದ ದಿನ ಇಷ್ಟು ಸಣ್ಣ ಮನೆಯಲ್ಲಿ ನಾವಿಬ್ಬರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುತ್ತೇವೆ. ಜಗಳವಿಲ್ಲ. ಮಾತೂ ಇಲ್ಲ.

ಪಟವನ್ನು ಬಿಡಿಸಿ, ಅದರ ಹಿಂದೆ ಅಚ್ಚಾಗಿದ್ದ ಸೂಚನೆಯನ್ನೆಲ್ಲ ಓದಿ, "ಮೂರು ಮೀಟರ್ ಬೇಕಂತೆ. ಟೇಪ್ ಎಲ್ಲಿದೆ?" ಎಂದರು. ನಮ್ಮ ಮನೆಯಲ್ಲಿ ಮೂರು ಮೀಟರ್ ನೇರ ಸಿಗುವುದು ಅಡುಗೆಮನೆಯ ಹೊಸ್ತಿಲಿನಿಂದ ಮುಂಬಾಗಿಲಿನವರೆಗೆ ಮಾತ್ರ. ಮುಂಬಾಗಿಲಿಗೆ ಪಟ ಅಂಟಿಸಿ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಹೆಣಿಗೆಯ ಕಡ್ಡಿ ಹಿಡಿದು ಕೂತರು. ನಾನು ಹೊಸ್ತಿಲ ಮೇಲೆ ನಿಂತೆ.

ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಓದಿ ಬಿಸಾಕಿದೆ.

"ಆಯ್ತಲ್ಲ?"

"ಒಂದೊಂದೇ ಕಣ್ಣು ಮುಚ್ಚಿ ಅಂತ ಇದೆ."

ಎಡಗಣ್ಣು ಮುಚ್ಚಿದೆ. ಮತ್ತೆ ಕೊನೆಯ ಸಾಲಿನವರೆಗೆ. ಬಲಗಣ್ಣು ಮುಚ್ಚಿದೆ. 'ಆ' ಇತ್ತು. ಅದರ ಕೆಳಗಿನ ಸಾಲೂ ಇತ್ತು. ಅಲ್ಲಿಂದ ಮುಂದೆ ಯಾರೋ ಕಾಗದಕ್ಕೆ ಎಣ್ಣೆ ಸವರಿದ ಹಾಗಿತ್ತು.

"ರ," ಎಂದೆ.

"ಹೂಂ. ಮುಂದೆ."

"ವ. ಇಲ್ಲ, ಪ. ಪ."

"ಮುಂದೆ."

ಸರಿಯೋ ತಪ್ಪೋ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಕಡ್ಡಿ ಮಾತ್ರ ಸರಿಯುತ್ತಿತ್ತು. ಮುಗಿದ ಮೇಲೆ ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು, "ಬರೀ ರಾಂಗ್ ನಂಬರ್," ಎಂದರು.

ಠ ಇದ್ದ ಕಡೆ ರ ಎಂದಿದ್ದೆನಂತೆ. ಷ ಇದ್ದ ಕಡೆ ಪ. ನಡುವಿನ ಚುಕ್ಕಿ, ಹೊಟ್ಟೆಯ ಗೀಟು, ಇಷ್ಟು ಸಣ್ಣದಕ್ಕೆ ಯಾರಾದರೂ ಮಾರ್ಕು ಕಳೆಯುತ್ತಾರೆಯೇ? ಬಲ್ಬ್ ಹಳೆಯದು. ಅಂಗೈಯಲ್ಲಿ ಕಣ್ಣನ್ನು ಬೇರೆ ಒತ್ತಿಬಿಟ್ಟಿದ್ದೆ.

ಜೂನ್ 6, ಶುಕ್ರವಾರ

ಹೊಸ ಬಲ್ಬ್ ಹಾಕಿದೆ. ಮದುವೆಮನೆಯಂಥ ಬೆಳಕು.

ಪಟದ ಅಚ್ಚೇ ಸರಿಯಿಲ್ಲ. ಅಗ್ಗದ ಶಾಯಿ.

ಜೂನ್ 8, ಭಾನುವಾರ

ಬೆಳಗ್ಗೆಯೇ ಹೇಳಿದೆ: "ಬನ್ನಿ ಅತ್ತೆ, ಇನ್ನೊಂದು ಸಲ ನೋಡೇಬಿಡೋಣ."

ಎರಡು ದಿನ ಹೋಗುತ್ತಾ ಬರುತ್ತಾ ಆ ಬಾಗಿಲನ್ನು ನೋಡಿ ನೋಡಿ ನನಗೆ ಸಾಲುಗಳೆಲ್ಲ ಬಾಯಿಪಾಠವಾಗಿದ್ದವು. ಬೇಕೆಂದು ಕಲಿತದ್ದಲ್ಲ. ಹಾಲು ತರಲು ಬಾಗಿಲು ತೆಗೆದರೂ ಅದೇ, ಚಪ್ಪಲಿ ಹಾಕಿಕೊಂಡರೂ ಅದೇ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗುವುದು ನನ್ನ ತಪ್ಪೇ?

ಪಟದ ಕಡೆ ನೋಡುವ ಗೋಜಿಗೂ ಹೋಗದೆ ಬಲಗಣ್ಣು ಮುಚ್ಚಿ ನಿಂತೆ. ಆಪರೇಟರಮ್ಮ ಸ್ಟೂಲಿನ ಮೇಲೆ. ಕಡ್ಡಿ ಮೂರನೆಯ ಸಾಲಿಗೆ ಬಂತು. ನಾನು ಕೇಳಿಸುವ ದನಿಯಲ್ಲಿ, ತಡವರಿಸದೆ, "ಠ, ಷ, ಬ, ಮ" ಎಂದೆ. ನಾಲ್ಕನೆಯ ಸಾಲನ್ನು ಇನ್ನೂ ಚುರುಕಾಗಿ ಹೇಳಿದೆ. ಐದನೆಯದಕ್ಕೆ ಸ್ವಲ್ಪ ತಡೆದು, ಕಣ್ಣು ಕಿರಿದು ಮಾಡಿ, ಕಷ್ಟಪಟ್ಟು ಓದುವವಳ ಹಾಗೆ ಹೇಳಿದೆ. ನಾಟಕದಲ್ಲೂ ಒಂದು ಮರ್ಯಾದೆ ಬೇಕು.

ಅವರು ಕಡ್ಡಿಯನ್ನು ಕೆಳಗಿಟ್ಟರು. ಆಮೇಲೆ ಸ್ಟೂಲಿನಿಂದ ಎದ್ದು, ಕೂತಿದ್ದ ಜಾಗದಿಂದ ಮಡಿಸಿದ ಒಂದು ಕಾಗದ ತೆಗೆದು ನನ್ನ ಕಡೆ ಚಾಚಿದರು.

"ನೀನು ಓದಿದ್ದು ಇದನ್ನ. ಇದು ನನ್ನ ಕೆಳಗಿತ್ತು. ಬಾಗಿಲ ಮೇಲಿರೋದು ನಾನು ನಿನ್ನೆ ಕೂತು ಬರೆದು ಈಗಷ್ಟೇ ಅಂಟಿಸಿದ್ದು."

ಹತ್ತಿರ ಹೋಗಿ ನೋಡಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿ. ಸ್ಕೇಲ್ ಇಟ್ಟು ಗೆರೆ ಹಾಕಿ, ಕಪ್ಪು ಶಾಯಿಯಲ್ಲಿ ಅಚ್ಚಿನಷ್ಟೇ ಮುದ್ದಾಗಿ ಬರೆದಿದ್ದರು. ಒಂದು ಅಕ್ಷರವೂ ಅದಲ್ಲ.

ನನ್ನ ಮುಖ ಬಿಸಿಯಾಯಿತು. "ಇದು ಮೋಸ ಅತ್ತೆ," ಎಂದೆ.

"ಹೌದು," ಎಂದರು. "ಯಾರದು?"

ಜೂನ್ 9, ಸೋಮವಾರ

ಬರೆಯುವಂಥದ್ದೇನೂ ಇಲ್ಲ. ಆಪರೇಟರಮ್ಮನ ಜೊತೆ ಮಾತು ಬಿಟ್ಟಿದ್ದೇನೆ. ಅವರಿಗೆ ಗೊತ್ತಾದಂತೆ ಕಾಣುವುದಿಲ್ಲ.

ಜೂನ್ 12, ಗುರುವಾರ

ಇವತ್ತು ಒಂದು ಜೀವ ಉಳಿಸಿದೆ.

ಬೆಳಗಿನ ಹೊತ್ತು ಜನ ಕಡಿಮೆ. ಬೇಕರಿಯವರು ಬಂದಿದ್ದರು. ಒಲೆಯ ಕೆಲಸ ಮುಗಿಸಿಕೊಂಡು ದಿನಾ ಬರುತ್ತಾರೆ, ದಪ್ಪ ಮೈ, ಅಂಗಾತ ತೇಲುತ್ತಾ ಒಬ್ಬರೇ ಏನೋ ಗುನುಗುತ್ತಿರುತ್ತಾರೆ. ಅವರು ಮುಳುಗುತ್ತಾರೆ ಎಂದು ಯಾರೂ ಕನಸಿನಲ್ಲೂ ಎಣಿಸಲಾರರು. ಆಳದ ಬದಿಯ ಎಡ ಏಣಿಯ ಹತ್ತಿರ ಕಾಲು ಹಿಡಿದುಕೊಂಡಿತಂತೆ. ಆ ಗೋಡೆಯುದ್ದಕ್ಕೂ ಗಾಜಿನ ಕಿಟಕಿ, ಆ ಹೊತ್ತಿಗೆ ಬಿಸಿಲು ನೀರಿಗೆ ಬಿದ್ದು ಕಣ್ಣು ಕುಕ್ಕುತ್ತದೆ. ಅಲ್ಲೇನೋ ಅಲ್ಲಾಡಿತು. ಯಾರದೋ ಟೋಪಿ ತೇಲುತ್ತಿದೆ ಎಂದುಕೊಂಡೆ. ಆಮೇಲೆ ನೀರು ಕುಡಿಯುವ ಸದ್ದು ಕಿವಿಗೆ ಬಿತ್ತು. ತಲೆ ತಿರುಗಿಸಿದೆ. ಟೋಪಿಯಲ್ಲ.

ಸೀಟಿ ಊದಿದ್ದು ನೆನಪಿಲ್ಲ, ಹಾರಿದ್ದೂ ನೆನಪಿಲ್ಲ. ಆ ಭಾರದ ಮನುಷ್ಯನನ್ನು ಗದ್ದಕ್ಕೆ ಕೈ ಕೊಟ್ಟು ಎಳೆದುಕೊಂಡು ಬಂದೆ. ಮೇಲಕ್ಕೆತ್ತಲು ಬಾತುಕೋಳಿಯೂ ಬಂದ. ಕೆಮ್ಮಿದರು, ವಾಂತಿ ಮಾಡಿಕೊಂಡರು, ಮುಖಕ್ಕೆ ಬಣ್ಣ ಬಂತು. ಕೊನೆಗೆ ಚಹಾ ಕೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಮ್ಯಾನೇಜರ್ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಿನ ಪರೀಕ್ಷೆಯಂತೆ, ಪರೀಕ್ಷೆ! ಇವತ್ತು ಆಯಿತಲ್ಲ, ಎಲ್ಲರ ಎದುರಿಗೆ.

ಮನೆಗೆ ಬಂದು ತಡೆಯಲಾರದೆ ಮಾತು ಬಿಟ್ಟದ್ದನ್ನು ಮರೆತು ಆಪರೇಟರಮ್ಮನಿಗೆ ಎಲ್ಲ ಹೇಳಿದೆ. ಬಟಾಣಿ ಸುಲಿಯುತ್ತಾ ಪೂರ್ತಿ ಕೇಳಿದರು. "ಒಳ್ಳೇ ಕೆಲಸ ಮಾಡಿದೆ," ಎಂದರು. ಆಮೇಲೆ ತಲೆ ಎತ್ತದೆ ಕೇಳಿದರು:

"ಯಾವ ಕಡೆ ಇದ್ದರು ಅವರು?"

ಎದ್ದು ಸ್ನಾನಕ್ಕೆ ಹೋದೆ.

ಜೂನ್ 13, ಶುಕ್ರವಾರ

ಬೇಕರಿಯವರು ಹೆಂಡತಿಯ ಜೊತೆ ಕೊಳಕ್ಕೆ ಬಂದಿದ್ದರು. ದೊಡ್ಡ ಪೆಟ್ಟಿಗೆಯ ತುಂಬ ಬಿಸಿ ಬ್ರೆಡ್ಡು. ಆ ಹೆಂಗಸು ನನ್ನ ಕೈ ಹಿಡಿದು ಅಳಲು ಶುರುಮಾಡಿದರು.

ಬೇಕರಿಯವರು ನಗುತ್ತಲೇ ಹೇಳಿದರು: "ನಾನು ಎರಡು ಮೂರು ಸಲ ಕೈ ಎತ್ತಿದೆನಮ್ಮ. ನಿಮ್ಮ ಮುಖ ಸ್ವಲ್ಪ ನನ್ನ ಕಡೇನೇ ಇತ್ತು. ನೋಡಿದ್ದಾರೆ, ಇನ್ನೇನು ಬರ್ತಾರೆ ಅಂದ್ಕೊಂಡು ಧೈರ್ಯವಾಗಿದ್ದೆ. ಅದೇ ನನ್ನ ಉಳಿಸಿದ್ದು ನೋಡಿ. ಗಾಬರಿಯಾಗಿದ್ದಿದ್ರೆ ಅಲ್ಲೇ ಹೋಗಿಬಿಡ್ತಿದ್ದೆ."

ನಾನು ನೋಡಿರಲಿಲ್ಲ. ಒಂದು ಸಲವೂ ನೋಡಿರಲಿಲ್ಲ.

ಅವರು ಹೋದ ಮೇಲೆ ಕುರ್ಚಿ ಹತ್ತಿದೆ. ಕೊಳ ಖಾಲಿ, ಪಾಳಿ ಬದಲಾಗುವ ಹೊತ್ತು. ಆಳದ ಬದಿಯಲ್ಲಿ ಬಾತುಕೋಳಿ ಒಬ್ಬನೇ ನೀರಿಗಿಳಿದು ಜಾಲರಿಯಲ್ಲಿ ಕಸ ತೆಗೆಯುತ್ತಿದ್ದ. ಬಲಗಣ್ಣಿನ ಮೇಲೆ ಕೈ ಇಟ್ಟೆ. ಕಿಟಕಿಯ ಬಿಸಿಲು ಬೆಳ್ಳಗೆ ಚೆಲ್ಲಿಕೊಂಡಿತು. ನೀರು, ಕಟ್ಟೆ, ಏಣಿ, ಎಲ್ಲ ಒಂದೇ ಬಿಳುಪು. ಬಾತುಕೋಳಿ ಅದರೊಳಗೆ ಎಲ್ಲೋ ಇದ್ದ. ಜಾಲರಿಯ ಸದ್ದು ಕೇಳುತ್ತಿತ್ತು, ಅವನು ಕಾಣಲಿಲ್ಲ.

ಇಳಿದು ಸೀದಾ ಮ್ಯಾನೇಜರ್ ಕೋಣೆಗೆ ಹೋಗಿ, "ನನ್ನ ಎಡಗಣ್ಣು ಸರಿಯಾಗಿ ಕಾಣಲ್ಲ," ಎಂದೆ.

ಅವಳು ನನ್ನನ್ನೇ ನೋಡಿದಳು. "ಪರೀಕ್ಷೆಗೆ ಇನ್ನೂ ಟೈಮಿದೆಯಲ್ಲ. ಇವತ್ತೇ ಯಾಕೆ ಹೇಳ್ತಿದ್ದೀರಿ?"

"ನಾಳೆ ಬೆಳಗ್ಗೆ ಕುರ್ಚಿ ಹತ್ತಬೇಕಲ್ಲ, ಅದಕ್ಕೆ."

ಎದುರಿನ ಕುರ್ಚಿ ತೋರಿಸಿದಳು. ನಿನ್ನೆ ಏನಾಯಿತೆಂದು ಸರಿಯಾಗಿ ಹೇಳಿ ಎಂದಳು. ಹೇಳಿದೆ. ಈ ಸಲ ಟೋಪಿಯನ್ನೂ ಬಿಡದೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ನಾಳೆಯಿಂದ ಬೆಳಗಿನ ಕುರ್ಚಿ ಬಾತುಕೋಳಿಗೆ. ನಾನು ಆಳವಿಲ್ಲದ ಬದಿಯಲ್ಲಿ ಕಟ್ಟೆಯ ಮೇಲೆ ನಿಂತು ಹೊಸಬರಿಗೆ ಕಲಿಸುವುದು, ಪಕ್ಕದಲ್ಲಿ ಇನ್ನೊಬ್ಬರು ಕಾವಲಿನವರು ಇದ್ದರೆ ಮಾತ್ರ. "ಡಾಕ್ಟರ್ ಕಾಗದ ತಂದ್ರೂ ಕುರ್ಚಿ ವಾಪಸ್ ನಿಮಗೇ ಅಂತ ಈಗ ಮಾತು ಕೊಡೋಕಾಗಲ್ಲ. ಬೇಜಾರು ಮಾಡ್ಕೋಬೇಡಿ," ಎಂದಳು.

ಬೇಜಾರಿಲ್ಲ. ವಾಪಸ್ ತೆಗೆದುಕೊಳ್ಳುವುದು ನನ್ನ ಕೆಲಸ, ಮಾತು ಕೊಡುವುದು ಅವಳದಲ್ಲ.

ಮನೆಗೆ ಬಂದೆ. ಬ್ರೆಡ್ಡಿನ ಪೊಟ್ಟಣ ಮೇಜಿನ ಮೇಲಿಟ್ಟು, "ಎಡಗಡೆ ಇದ್ದರು," ಎಂದೆ.

ಅತ್ತೆ ಎರಡು ತಟ್ಟೆ ತಂದರು. ಕೂತು ತಿಂದೆವು.

ಜೂನ್ 18, ಬುಧವಾರ

ಕಣ್ಣಿನ ಆಸ್ಪತ್ರೆ. ನಾನೊಬ್ಬಳೇ ಹೋಗುತ್ತೇನೆ ಎಂದೆ. ಅತ್ತೆ ಅಷ್ಟರಲ್ಲಿ ಸೀರೆ ಬದಲಿಸಿ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಪೊರೆಯಂತೆ. "ಇಷ್ಟು ಬೆಳೆಯೋ ತನಕ ಗೊತ್ತಾಗ್ಲಿಲ್ವಾ?" ಎಂದರು ಡಾಕ್ಟರ್. ಬಲಗಣ್ಣು ಚೆನ್ನಾಗಿದ್ದರೆ ಹಾಗೇ ಆಗುತ್ತದಂತೆ. ಒಂದು ಕಣ್ಣು ಎರಡರ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿರುತ್ತದೆ, ಇನ್ನೊಂದು ಸುಮ್ಮನೆ ಜೊತೆಗಿರುತ್ತದೆ. ತೆಗೆದು ಹೊಸ ಮಸೂರ ಇಡುತ್ತಾರೆ. ಸಣ್ಣ ಆಪರೇಷನ್, ಸಂಜೆ ಮನೆಗೆ ಕಳಿಸುತ್ತಾರೆ.

"ನೀರಿಗೆ ಯಾವಾಗ ಇಳೀಬಹುದು?"

"ನಾನು ಹೇಳೋ ತನಕ ಇಳಿಯೋ ಹಾಗಿಲ್ಲ. ತಿಂಗಳಂತೂ ಆಗುತ್ತೆ."

ಚಿಕ್ಕಂದಿನಿಂದ ಇವತ್ತಿನವರೆಗೆ ಒಂದು ತಿಂಗಳು ನೀರಿಗಿಳಿಯದೆ ಇದ್ದವಳಲ್ಲ. ಮಗನ ಹೆರಿಗೆಯಾದಾಗ ಬಿಟ್ಟರೆ; ಅವನೀಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅತ್ತೆ, "ಏನೂ ಗೊತ್ತಾಗಲ್ಲ ಕಣೇ. ಬಣ್ಣ ಬಣ್ಣದ ಬೆಳಕು ಕಾಣುತ್ತೆ, ಅಷ್ಟೆ. ನನಗೆ ಎರಡೂ ಕಣ್ಣಿಗೆ ಮಾಡಿದ್ರಲ್ಲ," ಎಂದರು.

"ಯಾವಾಗ?"

"ಮಗಳ ಮನೇಲಿದ್ದಾಗ. ನಿನಗೆ ಫೋನ್ ಮಾಡಿ ಹೇಳಿದ್ದೆ."

ನಿಜವಾಗಿಯೂ ಹೇಳಿದ್ದರೇನೋ. ಆ ವರ್ಷ ನನ್ನ ಕೈಕೆಳಗೆ ಕಲಿತ ಮಕ್ಕಳು ಸ್ಪರ್ಧೆಗೆ ಹೊರಟಿದ್ದರು, ತಲೆಯಲ್ಲಿ ಬೇರೇನೂ ಇರಲಿಲ್ಲ. ನಾನು ಫೋನಿನಲ್ಲಿ ಏನೆಂದೆ ಎಂದು ಕೇಳಿದೆ.

"'ಹೌದಾ, ಸರಿ ಅತ್ತೆ, ಆಮೇಲೆ ಮಾಡ್ತೀನಿ' ಅಂದೆ," ಎಂದರು. ನನ್ನ ದನಿಯನ್ನು ಇದ್ದ ಹಾಗೇ ಅನುಕರಿಸಿದರು. ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಇಬ್ಬರೂ ನಕ್ಕೆವು. ನನಗೆ ನಗು ಮೊದಲು ನಿಂತಿತು.

ಜುಲೈ 2, ಬುಧವಾರ

ನಿನ್ನೆ ಆಯಿತು. ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ. ಅತ್ತೆ ನೋಡಿದರೆ ಬೈಯುತ್ತಾರೆ.

ಬಣ್ಣದ ಬೆಳಕು ಕಂಡದ್ದು ನಿಜ. ಹಸಿರು ಜಾಸ್ತಿ.

ಜುಲೈ 5, ಶನಿವಾರ

ಗಂಟೆಗಂಟೆಗೆ ಕಣ್ಣಿಗೆ ಹನಿ. ಅತ್ತೆ ಅಲಾರಂ ಇಟ್ಟುಕೊಂಡಿದ್ದಾರೆ, ಆದರೆ ಅದು ಹೊಡೆಯುವ ಮೊದಲೇ ಬಂದು ನಿಂತಿರುತ್ತಾರೆ. "ಮೇಲೆ ನೋಡು. ಕಣ್ಣು ಮಿಟುಕಿಸಬೇಡ. ಮಿಟುಕಿಸಬೇಡ ಅಂದ್ನಲ್ಲ!" ಜೀವನದಲ್ಲಿ ಇಷ್ಟು ಜನಕ್ಕೆ ಅಪ್ಪಣೆ ಕೊಟ್ಟವಳು ನಾನು, ಈಗ ಮಗುವಿನ ಹಾಗೆ ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದುಕೊಂಡು ಕೂರುತ್ತೇನೆ. ಬಾಯಿ ಯಾಕೆ ತೆರೆಯುತ್ತೇನೋ ಗೊತ್ತಿಲ್ಲ.

ಕಣ್ಣು ನಿಧಾನವಾಗಿ ತಿಳಿಯಾಗುತ್ತಿದೆ. ಅಡುಗೆಮನೆಯ ಗೋಡೆ ಬಿಳಿ ಎಂದು ಗೊತ್ತಿತ್ತು, ಇಷ್ಟು ಬಿಳಿ ಎಂದು ಗೊತ್ತಿರಲಿಲ್ಲ. ಈಗ ಬಲಗಣ್ಣಿನಲ್ಲಿ ನೋಡಿದರೆ ಎಲ್ಲ ಚಹಾದಲ್ಲಿ ಅದ್ದಿದ ಹಾಗಿದೆ. ಇಷ್ಟು ದಿನ ಇದನ್ನೇ ನಂಬಿಕೊಂಡಿದ್ದೆ!

ಹನಿ ಹಾಕಲು ಅತ್ತೆ ಬಗ್ಗಿದಾಗ ಅವರ ಗದ್ದದ ಮೇಲೆ ಒಂದು ಗಾಯದ ಗುರುತು ಕಂಡಿತು. ಬೆರಳುಗುರಿನಷ್ಟು ಉದ್ದ.

"ಇದೇನತ್ತೆ, ಯಾವಾಗಾಯ್ತು?"

"ಎಕ್ಸ್‌ಚೇಂಜ್ ಮೆಟ್ಟಿಲ ಮೇಲೆ ಬಿದ್ದಿದ್ದು. ನಿನ್ನ ಗಂಡ ಆಗ ತೊಟ್ಟಿಲಲ್ಲಿದ್ದ."

"ನೋಡಿ, ಹೊಸ ಕಣ್ಣು ಹೇಗೆ ಹಿಡೀತು! ಇಷ್ಟು ವರ್ಷ ಕಂಡಿರಲೇ ಇಲ್ಲ."

ಅತ್ತೆ ಸೀಸೆಯ ಮುಚ್ಚಳ ತಿರುಗಿಸುತ್ತಾ, "ಅದು ಬಲಗಣ್ಣಿಗೂ ಕಾಣುತ್ತೆ ಕಣೇ," ಎಂದರು.

ಜುಲೈ 19, ಶನಿವಾರ

ಮನೆಯಲ್ಲಿ ಕೂತು ಕೂತು ಇಬ್ಬರಿಗೂ ಮಾತು ಹೆಚ್ಚಾಗಿದೆ. ಇವತ್ತು ಅತ್ತೆ ಎಕ್ಸ್‌ಚೇಂಜಿನ ಕಥೆ ಹೇಳಿದರು. ಒಬ್ಬ ಗಂಡಸು ಪ್ರತಿ ವಾರ ಒಂದೇ ನಂಬರ್ ಕೇಳುತ್ತಿದ್ದನಂತೆ, ಆ ಕಡೆ ಒಬ್ಬ ಹೆಂಗಸು ಎತ್ತುತ್ತಿದ್ದಳಂತೆ, ಇಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲವಂತೆ. ಮೂರು ನಿಮಿಷ ಉಸಿರಾಟ, ಆಮೇಲೆ ಕಟ್.

"ನೀವು ಕದ್ದು ಕೇಳ್ತಿದ್ರಾ?"

"ಲೈನ್ ಸರಿಯಿದ್ಯಾ ಅಂತ ನೋಡ್ತಿದ್ದೆ," ಎಂದರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ.

ನಮ್ಮವರು ಬಂದರಿನಿಂದ ಫೋನ್ ಮಾಡಿದ್ದರು. ಕಣ್ಣು ಹೇಗಿದೆ ಎಂದರು. ಆಮೇಲೆ, "ಹಿಂದೆ ನಗ್ತಿರೋದು ಯಾರು?" ಎಂದರು. ನಿಮ್ಮ ಅಮ್ಮ ಎಂದೆ. ಸ್ವಲ್ಪ ಹೊತ್ತು ಲೈನ್ ಕಟ್ಟಾಯಿತೇನೋ ಎಂದುಕೊಂಡೆ.

ಆಗಸ್ಟ್ 6, ಬುಧವಾರ

ಪರೀಕ್ಷೆ ನನಗೊಬ್ಬಳಿಗೇ ಬೇರೆ ಇಟ್ಟಿದ್ದರು. ಡಾಕ್ಟರ್ ಬಂದು, ಬಲಗಣ್ಣು ಮುಚ್ಚಿ ಎಂದರು. ಓದಿದೆ. ಎಡಗಣ್ಣು ಮುಚ್ಚಿ ಎಂದರು. ಓದಿದೆ. ಕಾಗದಕ್ಕೆ ಸಹಿ ಬಿತ್ತು. ನೀರಿಗಿಳಿಯಲೂ ಒಪ್ಪಿಗೆ, ಕಣ್ಣಿಗೆ ಈಜಿನ ಕನ್ನಡಕ ಹಾಕಿಕೊಂಡು.

ಮ್ಯಾನೇಜರ್ ಕಾಗದವನ್ನು ಎರಡು ಸಲ ಓದಿದಳು. "ಸೋಮವಾರದಿಂದ ಬೆಳಗಿನ ಕುರ್ಚಿ ನಿಮ್ಮದು," ಎಂದಳು. ಎದ್ದು ಹೊರಡುವಾಗ, "ಒಂದು ವಿಷಯ. ಇನ್ನು ಮುಂದೆ ಬಿಸಿಲಿನ ಹೊತ್ತಲ್ಲಿ ಎಡ ಏಣಿ ಹತ್ರ ಇನ್ನೊಬ್ಬರು ನಿಂತಿರ್ತಾರೆ. ಯಾರೇ ಕುರ್ಚಿ ಮೇಲಿರಲಿ. ನೀವು ಹೇಳಿದ್ದು ಕೇಳಿ ನಾನೂ ಹತ್ತಿ ಕೂತು ನೋಡಿದೆ. ನನಗೂ ಅಷ್ಟು ಚೆನ್ನಾಗಿ ಕಾಣ್ಲಿಲ್ಲ," ಎಂದಳು.

ಹುಡುಗಿ ಪರವಾಗಿಲ್ಲ.

ಬಾತುಕೋಳಿ ಕುರ್ಚಿಯನ್ನು ಒರೆಸಿ ಕೊಡುತ್ತೇನೆ ಎಂದ. ಬೇಡ, ನಿನ್ನ ಅವಳಿಗಳನ್ನು ಕಲಿಯೋಕೆ ಕಳಿಸು ಎಂದೆ.

ಆಗಸ್ಟ್ 10, ಭಾನುವಾರ

ಕೊಳಕ್ಕೆ ಹೊರಟಿದ್ದೆ. ನಾಳೆಯ ಪಾಳಿಗೆ ಮೊದಲು ಮೈ ಒಗ್ಗಲಿ ಎಂದು. ಅತ್ತೆ ಚೀಲ ಹಿಡಿದು ಬಾಗಿಲಲ್ಲಿ.

"ಎಲ್ಲಿಗೆ?"

"ನಿನ್ನ ಕೆಲಸದ ಜಾಗ ನಾನು ನೋಡಿಲ್ಲ."

ನೋಡಿ ವಾಪಸ್ ಬರುತ್ತಾರೆ ಎಂದುಕೊಂಡೆ. ಬಟ್ಟೆ ಬದಲಿಸುವ ಕೋಣೆಯಿಂದ ಹೊರಬಂದಾಗ ಮೊಣಕಾಲಿನವರೆಗಿನ ಈಜುಡುಗೆ, ತಲೆಗೆ ಟೋಪಿ! ಯಾವಾಗ ಕೊಂಡರೋ, ಯಾರನ್ನು ಕೇಳಿ ಕೊಂಡರೋ. ಎಪ್ಪತ್ನಾಲ್ಕು ವಯಸ್ಸು. ಮಂಡಿ ನೋವಿಗೆ ನೀರು ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದಾರಂತೆ. ಯಾವ ಡಾಕ್ಟರ್ ಎಂದರೆ ಹೇಳಲಿಲ್ಲ.

ಆಳವಿಲ್ಲದ ಬದಿಯ ಮೆಟ್ಟಿಲಿನಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ "ಅಯ್ಯೋ ತಣ್ಣಗಿದೆ" ಎನ್ನುತ್ತಾ ಇಳಿದರು. ನೀರು ಸೊಂಟಕ್ಕೆ ಬಂದಾಗ ನನ್ನ ತೋಳು ಹಿಡಿದುಕೊಂಡರು. ಆ ಹಿಡಿತದಲ್ಲಿ ಹೆದರಿಕೆಯಿತ್ತು. ಇಷ್ಟು ವರ್ಷದಲ್ಲಿ ಅವರು ಯಾವುದಕ್ಕೂ ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಅಂಗಾತ ಮಲಗಿಸಿದೆ. ಒಂದು ಕೈ ಬೆನ್ನಿನ ಕೆಳಗೆ, ಇನ್ನೊಂದು ತಲೆಯ ಕೆಳಗೆ. ಮೈಯೆಲ್ಲ ಹಲಗೆಯಂತೆ ಬಿಗಿಯಾಗಿತ್ತು. ಎಷ್ಟೋ ನೂರು ಜನರನ್ನು ಹೀಗೆ ಹಿಡಿದಿದ್ದೇನೆ. ಇಷ್ಟು ಹಗುರವಾದವರನ್ನು ಹಿಡಿದದ್ದು ನೆನಪಿಲ್ಲ.

"ಮೇಲೆ ನೋಡಿ. ಉಸಿರು ಬಿಗಿ ಹಿಡೀಬೇಡಿ. ನಾನು ಹಿಡಿದಿದ್ದೀನಿ ಅತ್ತೆ."

"ಹಿಡಿದಿದ್ದೀಯ ಅಂತ ಗೊತ್ತು," ಎಂದರು ಸೂರು ನೋಡುತ್ತಾ. ಸ್ವಲ್ಪ ಹೊತ್ತಿಗೆ ಬೆನ್ನು ಸಡಿಲವಾಯಿತು. "ಎಷ್ಟು ಹೊತ್ತು ಹಿಡ್ಕೊಂಡಿರ್ತೀಯ? ಬಿಡು ನೋಡೋಣ."

ಮೊದಲು ತಲೆಯ ಕೆಳಗಿನ ಕೈ ತೆಗೆದೆ. ಆಮೇಲೆ ಬೆನ್ನಿನದು.

ತೇಲಿದರು. ನೀರು ಕಿವಿಯನ್ನು ಮುಚ್ಚಿತ್ತು, ಕಾಲ್ಬೆರಳು ಮೇಲೆ ಬಂದಿತ್ತು, ಕೈ ಎರಡೂ ಪಕ್ಕಕ್ಕೆ ಬಿಟ್ಟುಕೊಂಡಿದ್ದರು. ಆಮೇಲೆ ನಗು ಬಂದು ಬಾಯಿ ತೆರೆದರು, ಅಷ್ಟಕ್ಕೆ ಸೊಂಟ ಕುಸಿದು ಪೂರ್ತಿ ಒಳಗೆ ಹೋದರು. ಎತ್ತಿ ನಿಲ್ಲಿಸಿದೆ. ಕೆಮ್ಮಿದರು, ಮೂಗು ಒರೆಸಿಕೊಂಡರು, ನನ್ನನ್ನು ಬೈದರು, ಟೋಪಿ ಸರಿಮಾಡಿಕೊಂಡರು.

"ಇನ್ನೊಂದು ಸಲ," ಎಂದರು.